ಮಲಗೋ ಕೋಣೆಗೊಂದು ಕುರ್ಚಿ

ಇವತ್ತು ಅಂಗಡಿ ಮುಂದೆ ಒಂದು ಬೆತ್ತದ ಕುರ್ಚಿ. ನೋಡೋಕೆ ಎಷ್ಟು ಚಂದ! ಆದರೆ ಆಸನದ ಎತ್ತರ ಬರೀ 13 ಇಂಚು.

ಮಲಗೋ ಕೋಣೆಗೆ 17–18 ಇಂಚು ಇದ್ರೇನೇ ಸರಿ. ಮಂಡಿ ನೋವಿದ್ದವರು ತಗ್ಗಿನ ಕುರ್ಚಿಯಿಂದ ಏಳೋಕೆ ಪಡೋ ಪಾಡು ನೋಡೋಕಾಗಲ್ಲ. ಕೈ ಊರೋ ತೋಳು ಆಸನದ ಮುಂದಿನ ಅಂಚಿನವರೆಗೂ ಬಂದಿರಲಿ, ಅರ್ಧಕ್ಕೇ ನಿಂತರೆ ಏಳುವಾಗ ಆಸರೆ ಸಿಗಲ್ಲ.

ಆಸನದ ಆಳ, ಅಂದ್ರೆ ಮುಂದಿನ ಅಂಚಿಂದ ಬೆನ್ನೊರಗೋ ಕಡೆವರೆಗಿನ ಅಳತೆ, 20 ಇಂಚು ದಾಟಿದರೆ ಕುಳ್ಳಗಿರೋರಿಗೆ ಬೆನ್ನು ಒರಗಲ್ಲ.

ಕೊಳ್ಳೋ ಮುಂಚೆ ಕುರ್ಚಿಯ ಅಳತೆಗೆ ಹಳೇ ಪೇಪರ್ ನೆಲಕ್ಕೆ ಹಾಸಿ, ಬೀರು ಬಾಗಿಲು ಪೂರ್ತಿ ತೆಗೆದು ನೋಡಿ. ಮಂಚದ ಪಕ್ಕ ಓಡಾಡೋಕೆ ಎರಡಡಿ ಉಳೀಬೇಕು.

ಬೆತ್ತವೇ ಬೇಕಾ? ಹೆಣಿಗೆಯ ಅಂಚನ್ನ ಬೆರಳಲ್ಲಿ ಒತ್ತಿ ನೋಡಿ, ಸಡಿಲ ಇದ್ರೆ ಬೇಡ. ಕಿಟಕಿ ಬಿಸಿಲಿಗಂತೂ ಇಡಲೇಬೇಡಿ, ಒಣಗಿ ಸೀಳತ್ತೆ.