ಬೆನ್ನ ಮೇಲೊಂದು ಗೂಬೆ

ಮೇಜಿನ ಮೇಲೆ ಆಡುವ ಕಥೆಯಾಟಕ್ಕೆ ಕಾಗದದ ವೀರರನ್ನು, ಅಂದರೆ ಕತ್ತರಿಸಿ ಮಡಚಿ ನಿಲ್ಲಿಸುವ ಪುಟ್ಟ ಗೊಂಬೆಗಳನ್ನು, ಬರೆಯುವಾಗ ನಾನು ಮೊದಲು ಬರೆಯೋದು ಅವರ ಬೆನ್ನನ್ನು. ಕಣ್ಣು, ಮೀಸೆ, ಕವಚದ ಎದೆ, ಎತ್ತಿ ಹಿಡಿದ ಕತ್ತಿ ಎಲ್ಲವೂ ಮುಂದಿರುವಾಗ ಬೆನ್ನಿಗೆ ಯಾಕೆ ಅಷ್ಟು ಮರ್ಯಾದೆ ಅಂತ ಕೇಳುವವರಿದ್ದಾರೆ. ಆಟ ನಡೆಯುವ ಮೇಜಿನ ಸುತ್ತ ಒಂದು ಸಂಜೆ ಕೂತರೆ ಗೊತ್ತಾಗುತ್ತದೆ. ಚೌಕಳಿ ಎಳೆದ ನಕ್ಷೆಯ ಆ ತುದಿಯಲ್ಲಿ ರಾಕ್ಷಸರು, ಈ ತುದಿಯಲ್ಲಿ ನಮ್ಮವರು. ನಮ್ಮವರ ಮುಖ ಶತ್ರುವಿನ ಕಡೆಗಿರುತ್ತದೆ. ಹಾಗಾಗಿ ಆಟಗಾರರಿಗೆ ಕೊನೆಯವರೆಗೂ ಕಾಣುವುದು ತಮ್ಮ ಪಾತ್ರದ ಬೆನ್ನು. ಮುಖ ಕಾಣುವುದು ಎದುರು ಕೂತು ಆಟ ನಡೆಸುವ ಗೇಮ್ ಮಾಸ್ಟರ್‌ಗೆ. ಒಂದೇ ಪಾತ್ರವನ್ನು ತಿಂಗಳುಗಟ್ಟಲೆ ಆಡುವವರು ತಿಂಗಳುಗಟ್ಟಲೆ ಆ ಬೆನ್ನನ್ನೇ ನೋಡುತ್ತಾರೆ. ಅದು ಬರೀ ಕಂದು ಬಣ್ಣ ಬಳಿದ ತುಂಡಾಗಿದ್ದರೆ ನನಗೆ ಸಮಾಧಾನವಿಲ್ಲ.

ಆಟ ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ಲೋಹದ ಪುಟ್ಟ ಸೈನಿಕರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಆಡುವ ಯುದ್ಧದಾಟಗಳಿಂದ ಹುಟ್ಟಿದ ಆಟ ಇದು. ಮಿನಿಯೇಚರ್ ಅನ್ನೋ ಗೊಂಬೆ ಅಲ್ಲಿಂದಲೇ ಜೊತೆಗೆ ಬಂತು. ಲೋಹದ್ದಾಗಲಿ ಪ್ಲಾಸ್ಟಿಕ್ಕಿನದಾಗಲಿ ದುಬಾರಿ, ಬಣ್ಣ ಹಚ್ಚಲು ವಾರಗಟ್ಟಲೆ ಬೇಕು. ಕಾಗದದ ದಾರಿಯೂ ಹಳೆಯದೇ. ಸ್ಟೀವ್ ಜ್ಯಾಕ್ಸನ್ ಗೇಮ್ಸ್ ಅನ್ನೋ ಕಂಪನಿ 1980ರಲ್ಲಿ ‘ಕಾರ್ಡ್‌ಬೋರ್ಡ್ ಹೀರೋಸ್’ ಅಂತ ತಂದಿತು. ಡೆನಿಸ್ ಲೂಬೆ ಬರೆದ ಚಿತ್ರಗಳು. ಕತ್ತರಿಸಿ, ಮಡಚಿ ನಿಲ್ಲಿಸಿದರೆ ಒಂದು ಕಡೆ ಮುಖ, ಇನ್ನೊಂದು ಕಡೆ ಬೆನ್ನು. ಬೆನ್ನನ್ನೂ ಶ್ರದ್ಧೆಯಿಂದ ಬರೆದವರು ಅಂದೇ ಇದ್ದರು ಅನ್ನೋದು ನನಗೆ ದೊಡ್ಡ ಬಲ.

ನಾನು ಹೇಳಹೊರಟಿರುವುದು ಒಂದು ಭಾನುವಾರದ ಕಥೆ. ನಮ್ಮ ಮನೆಯಲ್ಲಿ ಸಂಜೆ ಹೊಸ ಕಥಾನಕ ಶುರುವಾಗುವುದಿತ್ತು. ಹಿಂದಿನ ರಾತ್ರಿಯೇ ಎಲ್ಲರೂ ತಮ್ಮ ತಮ್ಮ ಪಾತ್ರದ ವಿವರವನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಿದ್ದರು. ಎದುರುಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗೆ ಕುಬ್ಜ ಜಾತಿಯ ಅರ್ಚಕ, ಗಡ್ಡ ಮಂಡಿಯವರೆಗೆ. ಆಫೀಸಿನ ಗೆಳೆಯನಿಗೆ ಕೊಂಬಿರುವ ಮಂತ್ರವಾದಿ. ನನಗೊಬ್ಬ ಸಾಧಾರಣ ಕತ್ತಿವೀರ. ಇವೆಲ್ಲ ಬೇಗ ಮುಗಿದವು. ಅಕ್ಕನ ಮಗಳದ್ದು ಮಾತ್ರ ಉದ್ದದ ಪಟ್ಟಿ. ಕಾಡು ಕಾಯುವ ರೇಂಜರ್, ಬಿಲ್ಲುಗಾತಿ, ಒಂಟಿ ಜಡೆ, ಹಸಿರು ಮೇಲುವಸ್ತ್ರ. ಕೊನೆಯಲ್ಲೊಂದು ಸಾಲು: “ಬೆನ್ನಿಗೆ ಒಂದು ಚೀಲ, ಅದರೊಳಗೆ ಗೂಬೆ ಮರಿ. ಅದು ಹಿಂದೆ ನೋಡ್ತಾ ಇರಬೇಕು.”

ಅಮ್ಮ ಇಣುಕಿ ನೋಡಿ, “ಗೂಬೆ ಯಾಕೆ, ಗಿಳಿ ಬರಿ” ಅಂದರು. ಹುಡುಗಿ ಫೋನಿನಲ್ಲೇ ಒಪ್ಪಲಿಲ್ಲ. ನನಗೂ ಗೂಬೆಯೇ ಬೇಕಾಗಿತ್ತು. ಕಾರಣ ಪೂರ್ತಿ ಹೊರರೇಖೆಯದ್ದು.

ನಕ್ಷೆಯಲ್ಲಿ ಒಂದು ಇಂಚಿನ ಚೌಕ ಅಂದರೆ ಆಟದ ಲೋಕದಲ್ಲಿ ಐದು ಅಡಿ. ಐದಡಿಯ ಹುಡುಗಿ ಕಾಗದದ ಮೇಲೆ ಒಂದೇ ಇಂಚು, 25 ಮಿಲಿಮೀಟರ್‌ಗೆ ಕೂದಲೆಳೆಯಷ್ಟು ಹೆಚ್ಚು. ಅಳತೆಗೆ ಸರಿಯಾಗಿ ಬರೆದರೆ ತಲೆ ನಾಲ್ಕು ಮಿಲಿಮೀಟರ್ ಕೂಡ ಬರುವುದಿಲ್ಲ. ಅದರಲ್ಲಿ ಮುಖಭಾವ ಎಲ್ಲಿಂದ ತರೋದು? ಹಾಗಾಗಿ ತಲೆಯನ್ನೂ ಅಂಗೈಯನ್ನೂ ಬೇಕೆಂದೇ ದೊಡ್ಡದು ಮಾಡುತ್ತೇವೆ. ಅಷ್ಟಾದರೂ ಮೂರಡಿ ದೂರದಲ್ಲಿ ಕೂತವರಿಗೆ ಕಣ್ಣು ಮೂಗು ಕಾಣುವುದಿಲ್ಲ, ಕಾಣುವುದು ಆಕಾರ. ಕರಾವಳಿಯಲ್ಲಿ ಬೆಳೆದ ನನಗೆ ಈ ಪಾಠ ಬಯಲಾಟದ ಗದ್ದೆಯಲ್ಲೇ ಸಿಕ್ಕಿತ್ತು. ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವನಿಗೂ ಕೇದಗೆ ಮುಂದಲೆ ಅನ್ನೋ ತಲೆಯ ವೇಷ ಕಂಡ ಕೂಡಲೇ ಅಭಿಮನ್ಯುವೋ ಬಭ್ರುವಾಹನನೋ, ಯಾರೋ ಎಳೆಯ ವೀರ ಬಂದ ಅಂತ ಗೊತ್ತಾಗುತ್ತದೆ. ಬಣ್ಣದ ವೇಷದ ಅಗಲ ಕಂಡರೆ ರಾಕ್ಷಸ. ಮಾತು ಆಮೇಲೆ. ಒಂದು ಇಂಚಿನ ಗೊಂಬೆಗೂ ಅದೇ ನ್ಯಾಯ. ಬಣ್ಣವನ್ನೆಲ್ಲ ತೆಗೆದು ಬರೀ ಕಪ್ಪು ತುಂಬಿದರೂ ಇವಳು ಇಂಥವಳೇ ಅನ್ನಿಸಬೇಕು. ಗಿಳಿ ಬರೆದಿದ್ದರೆ ಅದರ ಗುಂಡು ತಲೆ ಹೆಗಲ ಮೇಲೊಂದು ಗಂಟಿನಂತೆ ಕಾಣುತ್ತಿತ್ತು. ಕೊಂಬಿನ ಗೂಬೆಗೆ ತಲೆಯ ಮೇಲೆ ನೆಟ್ಟಗೆ ನಿಂತ ಎರಡು ಗರಿಗೊಂಚಲು ಇರುತ್ತವೆ; ಕಿವಿಯಂತೆ ಕಾಣುತ್ತವೆ, ಕಿವಿಯಲ್ಲ. ಎಡ ಹೆಗಲ ಮೇಲೆ ಆ ಎರಡು ಮೊನೆ ಎದ್ದರೆ ಸಾಕು, ಮುಂದಿನಿಂದ ನೋಡಿದವನಿಗೆ ‘ಹಿಂದೆ ಏನೋ ಇದೆ’ ಅನ್ನೋ ಕುತೂಹಲ ಹುಟ್ಟುತ್ತದೆ.

ಆದರೆ ಇಲ್ಲಿ ಲೆಕ್ಕಾಚಾರ ಬಿಗಿ. ಗೊಂಬೆಯನ್ನು ತಲೆಯ ಮೇಲಿನ ಗೆರೆಯಲ್ಲಿ ಮಡಚುತ್ತೇವೆ. ಹಾಳೆಯಲ್ಲಿ ಕೆಳಗೆ ಮುಂಭಾಗ, ಅದರ ಮೇಲೆ ತಲೆಕೆಳಗಾಗಿ ಬೆನ್ನು, ಕೆರೆಯ ದಡದಲ್ಲಿ ನಿಂತವರ ಪ್ರತಿಬಿಂಬದ ಹಾಗೆ. ಎರಡರ ಹೊರರೇಖೆ ಒಂದಕ್ಕೊಂದು ಕೂದಲಷ್ಟೂ ತಪ್ಪದೆ ಕೂರಬೇಕು, ಇಲ್ಲವಾದರೆ ಕತ್ತರಿಸುವಾಗ ಯಾರದೋ ಮೂಗು ಹೋಗುತ್ತದೆ. ಇಂಕ್‌ಸ್ಕೇಪ್ ಅನ್ನೋ ಚಿತ್ರ ಬರೆಯುವ ತಂತ್ರಾಂಶದಲ್ಲಿ ನಾನು ಮೊದಲು ಬರೀ ಆಕಾರವನ್ನು ಬರೆದು, ಅದನ್ನೇ ಕೆಳಮೇಲು ತಿರುಗಿಸಿ ಎರಡನೇ ಪ್ರತಿ ಮಾಡಿ, ಆಮೇಲೆ ಒಳಗಿನ ವಿವರಗಳನ್ನು ತುಂಬುತ್ತೇನೆ. ಮುಂದೆ ಗುರಾಣಿಯ ಲಾಂಛನ ಕಂಡರೆ ಹಿಂದೆ ಅದರ ಒಳಮೈ, ತೊಗಲಿನ ಪಟ್ಟಿ, ಹಿಡಿದ ಕೈ. ಮುಂದೆ ಬಾಣಗಳ ತುದಿಯಷ್ಟೇ ಕಂಡರೆ ಹಿಂದೆ ಇಡೀ ಬತ್ತಳಿಕೆ. ನಮ್ಮ ತೊಗಲುಗೊಂಬೆಗೆ ಈ ಸಮಸ್ಯೆಯೇ ಇಲ್ಲ. ಬೆಳಕು ಹಾಯುವ ತೊಗಲು, ಪಕ್ಕಕ್ಕೆ ತಿರುಗಿದ ಮುಖ. ಮಗುಚಿ ಹಿಡಿದರೆ ಅದೇ ರಾಮ ಇನ್ನೊಂದು ದಿಕ್ಕಿಗೆ ನಡೆಯುತ್ತಾನೆ, ಅಷ್ಟೇ. ರಾಜರಿಗೆ ದೊಡ್ಡ ಗೊಂಬೆ, ಸೇವಕರಿಗೆ ಚಿಕ್ಕ ಗೊಂಬೆ ಅನ್ನೋ ಸ್ವಾತಂತ್ರ್ಯವೂ ಅಲ್ಲಿದೆ. ನನಗೆ ಚೌಕ ಬಿಟ್ಟು ಹೋಗುವಂತಿಲ್ಲ. ದೈತ್ಯನಿಗೆ ಮೂರಿಂಚು, ಮಹಾರಾಣಿಯಾದರೂ ಮನುಷ್ಯಳಾದರೆ ಒಂದೇ ಇಂಚು.

ಗೂಬೆ, ಬಿಲ್ಲು, ಬತ್ತಳಿಕೆ, ಜಡೆ. ಎಂಟೊಂಬತ್ತು ಮಿಲಿಮೀಟರ್ ಅಗಲದ ಬೆನ್ನಿನಲ್ಲಿ ಈ ನಾಲ್ಕೂ ಹಿಡಿಯುವುದಿಲ್ಲ. ಬೆಳಗಿನ ಬಹುಪಾಲು ಈ ಜಾಗದ ಜಗಳದಲ್ಲೇ ಹೋಯಿತು, ನನಗೆ ಅತ್ಯಂತ ಪ್ರಿಯವಾದ ಕೆಲಸವೂ ಇದೇ. ಬಿಲ್ಲನ್ನು ಹೊರಗೆ ಚಾಚುವಂತಿಲ್ಲ. ಒಂದು ಮಿಲಿಮೀಟರ್ ಅಗಲದ ಕಾಗದದ ಕಡ್ಡಿ ಮೊದಲ ಆಟದಲ್ಲೇ ಬಾಗಿ ಹೋಗುತ್ತದೆ. ಅದಕ್ಕೆ ಬಿಲ್ಲನ್ನು ದೇಹದ ಆಕಾರದೊಳಗೇ ಓರೆಯಾಗಿ ಇಟ್ಟೆ. ಬತ್ತಳಿಕೆಯನ್ನು ಸೊಂಟಕ್ಕೆ ಇಳಿಸಿದೆ. ಇತಿಹಾಸದಲ್ಲೂ ಎಷ್ಟೋ ಬಿಲ್ಲುಗಾರರು ಬಾಣಗಳನ್ನು ಸೊಂಟಕ್ಕೇ ಕಟ್ಟಿಕೊಳ್ಳುತ್ತಿದ್ದರು, ಹಾಗಾಗಿ ಮನಸ್ಸು ಒಪ್ಪಿತು. ಜಡೆಯನ್ನು ಬಲ ಹೆಗಲಿನಿಂದ ಮುಂದಕ್ಕೆ ಎಳೆದೆ. ಈಗ ಬೆನ್ನು ಪೂರ್ತಿ ಗೂಬೆಗೆ ಸೇರಿತು.

ಗೂಬೆಯ ಎತ್ತರ ಐದು ಮಿಲಿಮೀಟರ್. ಇಂಚಿಗೆ ಮುನ್ನೂರು ಪಿಕ್ಸೆಲ್ ಲೆಕ್ಕದಲ್ಲಿ ಅರವತ್ತು ಪಿಕ್ಸೆಲ್. ದೊಡ್ಡದು ಮಾಡಿಕೊಂಡು ಬರೆಯುವಾಗ ಗರಿಗಳನ್ನು ಒಂದೊಂದಾಗಿ ಬಿಡಿಸುವ ಆಸೆ ಬರುತ್ತದೆ. ಬಿಡಿಸಿದರೆ ಮುದ್ರಣದಲ್ಲಿ ಅವೆಲ್ಲ ಒಂದೇ ಕೆಸರು. ಕಾಲು ಮಿಲಿಮೀಟರ್‌ಗಿಂತ ತೆಳುವಾದ ಗೆರೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಗೂಬೆಗೆ ಸಿಕ್ಕಿದ್ದು ಇಷ್ಟು: ಕಂದು ಮೈ, ಅದಕ್ಕಿಂತ ತಿಳಿಯಾದ ಮುಖದ ಬಟ್ಟಲು, ಕೊಕ್ಕಿಗೊಂದು ಕಪ್ಪು ಚುಕ್ಕೆ, ಎರಡು ಹಳದಿ ಕಣ್ಣು. ಕಣ್ಣೊಂದೊಂದೂ ಅರ್ಧ ಮಿಲಿಮೀಟರ್. ಹಳದಿಯನ್ನು ಪರದೆಯ ಮೇಲೆ ಕಣ್ಣು ಚುಚ್ಚುವಷ್ಟು ಗಾಢ ಮಾಡಿದೆ, ಯಾಕೆಂದರೆ ಪರದೆಯ ಬೆಳಕು ಕಾಗದಕ್ಕಿಲ್ಲ, ಮುದ್ರಣ ಯಾವಾಗಲೂ ಒಂದು ಮೆಟ್ಟಿಲು ಮಂಕು. ಎಲ್ಲಕ್ಕೂ ಸುತ್ತ ದಪ್ಪ ಕಪ್ಪು ಅಂಚು. ಕತ್ತರಿ ಸ್ವಲ್ಪ ಆಚೀಚೆ ಆದರೂ ಅದು ಕಾಪಾಡುತ್ತದೆ.

ಮಧ್ಯಾಹ್ನ ಬಡಾವಣೆಯ ಝೆರಾಕ್ಸ್ ಅಂಗಡಿಗೆ ಹೋದೆ. 200 ಜಿಎಸ್‌ಎಂನ ದಪ್ಪ ಹಾಳೆ, ಲೇಸರ್ ಪ್ರಿಂಟ್. ‘ಹಾಳೆಗೆ ಹೊಂದಿಸು’ ಅನ್ನೋ ಆಯ್ಕೆ ತೆಗೆದು ‘ನಿಜ ಅಳತೆ’ ಹಾಕಿ ಅಂತ ಹೇಳುವುದು ನನ್ನ ಮೊದಲ ಮಾತು. ಇಲ್ಲದಿದ್ದರೆ ಕಂಪ್ಯೂಟರ್ ಅಂಚು ಬಿಡಲಿಕ್ಕೆ ಇಡೀ ಚಿತ್ರವನ್ನು ಒಂದಿಷ್ಟು ಕುಗ್ಗಿಸಿಬಿಡುತ್ತದೆ, ಗೊಂಬೆಯ ಅಳತೆ ಚೌಕಕ್ಕೆ ಹೊಂದುವುದಿಲ್ಲ. ಪರೀಕ್ಷೆಗೆ ಹಾಳೆಯ ಮೂಲೆಯಲ್ಲೊಂದು ಇಂಚಿನ ಚೌಕ ಹಾಕಿರುತ್ತೇನೆ. 2011ರ ಸರಣಿಯ ಎರಡು ರೂಪಾಯಿ ನಾಣ್ಯದ ವ್ಯಾಸ 25 ಮಿ.ಮೀ. ಅದನ್ನು ಚೌಕದ ಮೇಲಿಟ್ಟಾಗ ಸುತ್ತ ಬೆಳ್ಳಗೆ ಒಂದು ಎಳೆ ಕಂಡರೆ ಅಳತೆ ಸರಿ. ಅಂಗಡಿಯ ಹುಡುಗ ಈಗ ತಾನೇ ಗಲ್ಲಾದಿಂದ ನಾಣ್ಯ ಹುಡುಕಿ ಕೊಡುತ್ತಾನೆ. ಅವತ್ತು ಗೂಬೆಯನ್ನು ಕಣ್ಣಿಗೆ ಹತ್ತಿರ ಹಿಡಿದು, “ಇದು ನನ್ನನ್ನೇ ನೋಡ್ತಿದೆ ಸಾರ್” ಅಂದ. ಕಣ್ಣು ನಿಂತಿದೆ ಅಂತ ನನಗೆ ಧೈರ್ಯ ಬಂತು.

ಮುಂದಿನದು ಕೈಕೆಲಸ. ಲೇಸರ್ ಮುದ್ರಣದ ಶಾಯಿ ಕಾಗದದೊಳಗೆ ಇಳಿಯುವುದಿಲ್ಲ, ಮೇಲೆ ಪದರವಾಗಿ ಕೂರುತ್ತದೆ. ಹಾಗೇ ಮಡಚಿದರೆ ತಲೆಯ ಮೇಲೆ ಬಿಳಿ ಬಿರುಕು. ರೀಫಿಲ್ ಖಾಲಿಯಾದ ಬಾಲ್‌ಪೆನ್ನಿನಿಂದ ಮಡಿಕೆಯ ಗೆರೆಯ ಮೇಲೆ ಒತ್ತಿ ಎಳೆದು ಆಮೇಲೆ ಮಡಚಬೇಕು. ಅಂಟು ಕಡ್ಡಿಯದ್ದೇ ಆಗಬೇಕು. ನೀರಿನಂಶದ ಬಿಳಿ ಅಂಟಿಗೆ ಕಾಗದ ಹಪ್ಪಳದಂತೆ ಸುರುಳುತ್ತದೆ. ಅಂಟಿಸಿ, ದಪ್ಪ ನಿಘಂಟಿನ ಕೆಳಗೆ ಸ್ವಲ್ಪ ಹೊತ್ತು ಇಟ್ಟು, ಕತ್ತರಿಸಿ, ಕೊನೆಗೆ ಕತ್ತರಿಸಿದ ಅಂಚಿನ ಸುತ್ತ ಕಪ್ಪು ಮಾರ್ಕರ್ ಓಡಿಸುತ್ತೇನೆ. ಈ ಕೊನೆಯ ಕೆಲಸಕ್ಕೆ ಒಂದು ನಿಮಿಷ ಸಾಕು, ಆದರೆ ಅದು ಆಗುವವರೆಗೆ ಗೊಂಬೆ ಕತ್ತರಿಸಿದ ಕಾಗದವಾಗಿಯೇ ಕಾಣುತ್ತಿರುತ್ತದೆ. ಬಿಳಿ ಅಂಚು ಮಾಯವಾದ ಕೂಡಲೇ ಅದಕ್ಕೊಂದು ತೂಕ ಬರುತ್ತದೆ. ಪೀಠಕ್ಕೆ ಹಾರ್ಡ್‌ವೇರ್ ಅಂಗಡಿಯ ಉಕ್ಕಿನ ವಾಷರ್. ಫ್ಯಾನ್ ಗಾಳಿಗೆ ಬೀಳುವುದಿಲ್ಲ.

ಸಂಜೆ ಆಟ ಶುರುವಾಯಿತು. ಹುಡುಗಿ ಬಂದವಳೇ ಗೊಂಬೆ ಎತ್ತಿಕೊಂಡು ಮುಖ ನೋಡಲಿಲ್ಲ, ನೇರ ತಿರುಗಿಸಿದಳು. ಏನೂ ಹೇಳದೆ ತನ್ನ ಚೌಕದಲ್ಲಿಟ್ಟು, ಅದರ ಹಿಂದೆ ಗಲ್ಲವನ್ನು ಮೇಜಿಗೆ ತಾಗಿಸಿ ಕೂತಳು.

ಕಥೆಯೊಳಗೆ ಹಳೆಯ ಸುಂಕದ ಕಟ್ಟೆಯ ದಾರಿಯಲ್ಲಿ ನಾವು ಸಾಲಾಗಿ ಹೋಗುತ್ತಿದ್ದೆವು, ರೇಂಜರ್ ಕಡೆಯಲ್ಲಿ. ಮುಂದೆ ಮುರಿದ ಗಾಡಿ, ಎಲ್ಲರ ಗಮನ ಅದರ ಮೇಲೆ. ಆಟ ನಡೆಸುತ್ತಿದ್ದ ಗೆಳತಿ ದಾಳ ಮರೆಮಾಡುವ ಪರದೆಯ ಹಿಂದೆ ಅದನ್ನು ಉರುಳಿಸಿ ಮುಗುಳ್ನಕ್ಕಳು. ನಮಗೆಲ್ಲ ಅರ್ಥವಾಯಿತು, ಹೊಂಚು. ಅವಳು ಗಾಬ್ಲಿನ್ ಅನ್ನೋ ಕುಳ್ಳ ರಾಕ್ಷಸರ ಗೊಂಬೆಗೆ ಕೈ ಹಾಕುವಷ್ಟರಲ್ಲಿ ಹುಡುಗಿ, “ಹಿಂದಿನಿಂದ ಬಂದ್ರೆ ಗೂಬೆಗೆ ಕಾಣತ್ತೆ” ಅಂದಳು.

ಮೇಜಿನ ಸುತ್ತ ಒಂದು ಕ್ಷಣ ಯಾರಿಗೂ ಉತ್ತರವಿರಲಿಲ್ಲ. ನಾವು ಆಡುವ ಐದನೇ ಆವೃತ್ತಿಯ ನಿಯಮಗಳಲ್ಲಿ ಪಾತ್ರಕ್ಕೆ ಮುಂದು-ಹಿಂದು ಅಂತಿಲ್ಲ. ಮುಖ ಯಾವ ದಿಕ್ಕಿಗಿದೆ ಅನ್ನೋದು ಬೇಕಾದವರು ಸೇರಿಸಿಕೊಳ್ಳುವ ಐಚ್ಛಿಕ ನಿಯಮ, ನಾವು ಸೇರಿಸಿಕೊಂಡವರಲ್ಲ. ಪಾತ್ರದ ಹಾಳೆಯಲ್ಲಿ ಗೂಬೆಯ ಸುದ್ದಿಯೇ ಇಲ್ಲ. “ಎಲ್ಲಿ ಬರೆದಿದೆ?” ಅಂತ ಗೆಳತಿ ಕೇಳಿದಳು. ಹುಡುಗಿ ಗೊಂಬೆಯ ಬೆನ್ನನ್ನು ಅವಳ ಕಡೆ ತಿರುಗಿಸಿ ಹಿಡಿದಳು. ಅಷ್ಟು ಹೊತ್ತೂ ಎದುರು ಕೂತಿದ್ದ ಗೆಳತಿಗೆ ಹೆಗಲ ಮೇಲಿನ ಎರಡು ಮೊನೆ ಮಾತ್ರ ಕಂಡಿದ್ದವು. ಈಗ ಹಳದಿ ಕಣ್ಣು ಕಂಡವು.

ಅವಳು ಪುಸ್ತಕ ತೆರೆದು ಗೂಬೆಯ ವಿವರ ಹುಡುಕಿದಳು. ಗೂಬೆಗೆ ಚುರುಕು ಕಿವಿ, ಚುರುಕು ದೃಷ್ಟಿ. ನೋಡುವ ಅಥವಾ ಕೇಳುವ ಪರೀಕ್ಷೆಯಲ್ಲಿ ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಹಾಕಿ ದೊಡ್ಡದನ್ನು ತೆಗೆದುಕೊಳ್ಳಬಹುದು. “ಬರೆದಿದ್ದಾರೆ ಅಂದಮೇಲೆ ಇದೆ. ಹಾಕು” ಅಂದಳು. ಮೊದಲು ನಾಲ್ಕು ಬಿತ್ತು. ಎರಡನೆಯದು ಹದಿನೇಳು. ಎದುರುಮನೆಯ ಹಿರಿಯರು ಕುರ್ಚಿಯಿಂದ ಎದ್ದೇ ಬಿಟ್ಟರು. ಹೊಂಚು ಹಾಕಿದವರೇ ಸಿಕ್ಕಿಬಿದ್ದರು. ಗಾಬ್ಲಿನ್‌ಗಳನ್ನು ಪೊದೆಯ ಚೌಕಗಳಲ್ಲಿ ಬಹಿರಂಗವಾಗಿ ನಿಲ್ಲಿಸಿ ಕಾಳಗ ನಡೆಸಬೇಕಾಯಿತು, ರೇಂಜರ್ ಮೊದಲ ಬಾಣ ಬಿಟ್ಟಳು.

ಅರವತ್ತು ಪಿಕ್ಸೆಲ್‌ಗಳಲ್ಲಿ ಬರೆದದ್ದು ಕಥೆಯ ದಾರಿಯನ್ನೇ ತಿರುಗಿಸಿತು. ಬೇರೆಯವರ ಚಿತ್ರ ಇಳಿಸಿಕೊಂಡು ಮುದ್ರಿಸಿದರೂ ಆಟ ನಡೆಯುತ್ತದೆ, ತುಂಬಾ ಚೆನ್ನಾಗಿ ಬರೆಯುವವರಿದ್ದಾರೆ, ನಾನೂ ರಾಕ್ಷಸರಿಗೆ ಅವನ್ನೇ ಬಳಸುತ್ತೇನೆ. ಆದರೆ ಹೀರೋ ಆ ಮನೆಯ, ಆ ಮೇಜಿನ, ಆ ಒಬ್ಬರ ಹೀರೋ ಆಗಿರಬೇಕು ಅನ್ನೋ ಹಠ ಅಂದಿನಿಂದ ಇನ್ನೂ ಗಟ್ಟಿಯಾಗಿದೆ.

ಈಗ ಎಲ್ಲರಿಗೂ ಬೆನ್ನ ಮೇಲೆ ಏನಾದರೊಂದು ಬೇಕು. ಎದುರುಮನೆಯವರು ತಮ್ಮ ಕುಬ್ಜ ಅರ್ಚಕನಿಗೆ ಕಂಚಿನ ಗಂಟೆ ಕೇಳಿದ್ದಾರೆ. ಗೆಳತಿ ಬಿಡುತ್ತಾಳೆಯೇ? “ಗೂಬೆಗೆ ಲಾಭ ಕೊಟ್ಟ ಮೇಲೆ ಗಂಟೆಗೆ ನಷ್ಟವೂ ಇರಬೇಕು, ಕದ್ದು ನಡೆಯುವಾಗ ಸದ್ದಾಗುತ್ತದೆ” ಅಂದಳು. ಅವರು ಎರಡು ದಿನ ಯೋಚಿಸಿ ಉತ್ತರ ಕಳಿಸಿದರು: ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿರಲಿ. ಸುತ್ತಿದ್ದು ಚಿತ್ರದಲ್ಲಿ ಕಾಣಬೇಕು, ಇಲ್ಲದಿದ್ದರೆ ಗೆಳತಿ ಒಪ್ಪುವುದಿಲ್ಲ. ಕುಬ್ಜ ನಾಲ್ಕಡಿಯವನು, ಇಪ್ಪತ್ತು ಮಿಲಿಮೀಟರ್; ಗಂಟೆಗೆ ಸಿಗುವುದು ನಾಲ್ಕು. ಗಂಟೆಯ ಬಾಯಿಯಿಂದ ಕೆಂಪು ಬಟ್ಟೆಯ ತುದಿ ಇಳಿಬಿಟ್ಟಿದ್ದೇನೆ. ಕಂಚಿನ ಬಣ್ಣದ ಪಕ್ಕ ಯಾವ ಕೆಂಪು ನಿಲ್ಲುತ್ತದೆ ಅಂತ ನೋಡಲು ಮೂರು ಛಾಯೆ ಹಾಕಿ ಹಾಳೆ ಸಿದ್ಧ ಮಾಡಿಟ್ಟಿದ್ದೇನೆ, ನಾಳೆ ಪ್ರಿಂಟ್‌ಗೆ ಒಯ್ಯಬೇಕು.