ಮೇಷ್ಟರೋ, ಲೆಕ್ಕವೋ?

2024ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಕಮಲಾ ಹ್ಯಾರಿಸ್ ಉಪಾಧ್ಯಕ್ಷ ಸ್ಥಾನಕ್ಕೆ ಮಿನ್ನೆಸೋಟಾ ರಾಜ್ಯದ ಗವರ್ನರ್ ಆಗಿದ್ದ ಟಿಮ್ ವಾಲ್ಜ್ ಅವರನ್ನು ಆರಿಸಿದಾಗ, ಬದಿಯಡ್ಕದ ನಮ್ಮ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಭಾವ ಹಿಗ್ಗಿಹೋದರು. ಅವರೂ ನಿವೃತ್ತ ಮೇಷ್ಟರು, ವಾಲ್ಜ್ ಕೂಡ ಶಾಲೆಯಲ್ಲಿ ಪಾಠ ಮಾಡಿದವರು. ಜಾತಿಪ್ರೀತಿ ಎಂದರೆ ಇದೇ!

ನನಗೆ ಒಪ್ಪಿಗೆಯಾಗಲಿಲ್ಲ. ಮಿನ್ನೆಸೋಟಾ ಹೇಗೂ ಡೆಮಾಕ್ರಟರತ್ತ ವಾಲುವ ರಾಜ್ಯ, ಅಧ್ಯಕ್ಷರನ್ನು ಆರಿಸಲು ಒಂದೊಂದು ರಾಜ್ಯಕ್ಕೂ ಇಷ್ಟಿಷ್ಟು ಎಂದು ಹಂಚಿದ ಎಲೆಕ್ಟೋರಲ್ ಮತಗಳಲ್ಲಿ ಅದಕ್ಕಿರುವುದು 10. ಅತ್ತಲೋ ಇತ್ತಲೋ ಎನ್ನುವಂತಿದ್ದ ಪೆನ್ಸಿಲ್ವೇನಿಯಾದಲ್ಲಿ 19. ಅಲ್ಲಿನ ಗವರ್ನರ್ ಜೋಶ್ ಶಪಿರೋ ಪಟ್ಟಿಯಲ್ಲಿಯೇ ಇದ್ದರು. 1960ರಲ್ಲಿ ಕೆನಡಿ ಟೆಕ್ಸಾಸಿನ ಜಾನ್ಸನ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಜೊತೆಗೆ ಕರೆದರು, ಟೆಕ್ಸಾಸ್ ದಕ್ಕಿತು. 2016ರಲ್ಲಿ ಮಂಜೇಶ್ವರದ ವಿಧಾನಸಭಾ ಚುನಾವಣೆಯ ಫಲಿತಾಂಶ ಬರೀ 89 ಮತಗಳಲ್ಲಿ ನಿರ್ಧಾರವಾದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕೆ?

‘ಹ್ಯಾರಿಸ್ ಏಳೂ ತೂಗಾಟದ ರಾಜ್ಯಗಳಲ್ಲಿ ಸೋತರಲ್ಲ, ಪೆನ್ಸಿಲ್ವೇನಿಯಾ ಒಂದನ್ನು ಗೆದ್ದಿದ್ದರೂ ಏನು ಬದಲಾಗುತ್ತಿತ್ತು?’ ಎಂದರು ಭಾವ. ಅದೂ ಹೌದು. ಆದರೂ ನನ್ನ ಮತ ಶಪಿರೋ ಅವರಿಗೇ.