ಪೆನ್‌ಡ್ರೈವ್ ಬೂಟ್ ಆಗುತ್ತೆ, ಡಿಸ್ಕ್ ಆಗಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗಿಯಿತು. ನಮ್ಮ ಹಳೆಯ ಡೆಸ್ಕ್‌ಟಾಪ್‌ಗಳಿಗೆ ವಿಂಡೋಸ್ 11 ಹತ್ತಲ್ಲ. "ಹೊಸದು ಬೇಡ, ಲಿನಕ್ಸ್ ಹಾಕಿಕೊಡಿ" ಅಂತ ಮೇಲಿನವರಿಂದ ಒಂದು ಸಾಲಿನ ಮೇಲ್ ಬಂತು. ಹೇಳೋರಿಗೇನು!

ಅಕೌಂಟ್ಸ್ ಸೆಕ್ಷನ್ನಿನ ಮೆಷಿನ್‌ಗೆ ಪೆನ್‌ಡ್ರೈವ್‌ನಿಂದ ಡೆಬಿಯನ್ (ಲಿನಕ್ಸ್‌ನದೇ ಒಂದು ಬಗೆ) ಹಾಕಿದೆ. ಒಂದೂ ಎರರ್ ಇಲ್ಲದೆ ಇನ್‌ಸ್ಟಾಲ್ ಮುಗಿಯಿತು. ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿದರೆ ಕಪ್ಪು ಸ್ಕ್ರೀನ್, ಅದರಲ್ಲಿ "ನೋ ಬೂಟಬಲ್ ಡಿವೈಸ್". ತಿಂಗಳ ಕೊನೆ ಬೇರೆ. ಬೆನ್ನ ಹಿಂದೆಯೇ ಅಕೌಂಟ್ಸ್ ಮೇಡಂ ನಿಂತಿದ್ದರು.

"ಆಯ್ತಾ ಸರ್?"

"ಎರಡೇ ನಿಮಿಷ ಮೇಡಂ."

ಮದರ್‌ಬೋರ್ಡಿನ ಸೆಟಪ್‌ಗೆ ಹೋಗಿ ನೋಡಿದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿದೆ. ಸಿಕ್ಕಿಬಿತ್ತು ಅಂದುಕೊಂಡೆ. ತಾರೀಖು ಉಳಿಸುವ ಸಿಮಾಸ್ ಬ್ಯಾಟರಿ ಸತ್ತಿದೆ, ಅದಕ್ಕೇ ಬೂಟ್ ಎಂಟ್ರಿ (ಯಾವುದರಿಂದ ಶುರುವಾಗಬೇಕು ಅನ್ನೋ ನಮೂದು) ಅಳಿಸಿಹೋಗಿದೆ ಅಂತ ಮೇಡಂಗೂ ಗಟ್ಟಿಯಾಗಿ ಹೇಳಿದೆ. ಸಿಆರ್2032 ಬ್ಯಾಟರಿ ಒಂದಕ್ಕೆ ಇಂಡೆಂಟ್ ಬರೆದು, ಸ್ಟೋರ್ಸ್‌ನಲ್ಲಿ ಸಹಿ ಹಾಕಿಸಿ ತಂದು ಕೂರಿಸಿದೆ. ತಾರೀಖು ಸರಿಹೋಯಿತು. ಪುನಃ ಇನ್‌ಸ್ಟಾಲ್ ಮಾಡಿದೆ. ಪುನಃ ಅದೇ ಕಪ್ಪು ಸ್ಕ್ರೀನ್. ಮೇಡಂ ಈ ಸಲ ಏನೂ ಕೇಳಲಿಲ್ಲ. ಅದು ಇನ್ನೂ ಕಷ್ಟ.

ಆಮೇಲೆ ಪೆನ್‌ಡ್ರೈವ್‌ನಿಂದ ರಿಪೇರಿಗೆಂದೇ ಇರುವ ರೆಸ್ಕ್ಯೂ ಮೋಡ್‌ಗೆ ಹೋಗಿ, ಬೂಟ್ ಎಂಟ್ರಿಗಳನ್ನು ತೋರಿಸುವ 'ಇಎಫ್‌ಐಬೂಟ್‌ಎಂಜಿಆರ್' ಕಮಾಂಡ್ ಓಡಿಸಿದೆ. ಡೆಬಿಯನ್ ಎಂಟ್ರಿ ಇದೆ. ಬೂಟ್ ಆರ್ಡರ್‌ನಲ್ಲಿ ಮೊದಲನೆಯದೇ ಅದು. ಎಂಟ್ರಿ ಇರುವುದು ಕರೆಂಟ್ ಇಲ್ಲದಿದ್ದರೂ ಮರೆಯದ ಬೋರ್ಡಿನ ಫ್ಲ್ಯಾಶ್ ಚಿಪ್‌ನಲ್ಲಿ; ಬ್ಯಾಟರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಬೋರ್ಡ್ ಅದರ ಕಡೆ ತಿರುಗಿಯೂ ನೋಡುತ್ತಿಲ್ಲ, ಅಷ್ಟೇ.

ಹಾಗಿದ್ದರೆ ಯಾವ ಎಂಟ್ರಿಯೂ ಇಲ್ಲದ ಪೆನ್‌ಡ್ರೈವ್ ಹೇಗೆ ಬೂಟ್ ಆಗುತ್ತಿದೆ? ಈ ಪ್ರಶ್ನೆ ಬೆಳಿಗ್ಗೆಯೇ ಕೇಳಬೇಕಿತ್ತು ಅಲ್ವಾ? ಪೆನ್‌ಡ್ರೈವ್‌ನಲ್ಲಿ 'ಇಎಫ್‌ಐ' ಫೋಲ್ಡರ್, ಅದರೊಳಗೆ 'ಬೂಟ್', ಅದರೊಳಗೆ 'ಬೂಟ್‌ಎಕ್ಸ್64.ಇಎಫ್‌ಐ' ಇರುತ್ತದೆ. ಎಂಟ್ರಿ ಇಲ್ಲದಿದ್ದಾಗ ಫರ್ಮ್‌ವೇರ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಹುಡುಕುವ ಡೀಫಾಲ್ಟ್ ಜಾಗ ಅದೇ. ಡೆಬಿಯನ್ ಮಾತ್ರ ಡಿಸ್ಕ್‌ನಲ್ಲಿ ತನ್ನ ಬೂಟ್‌ಲೋಡರ್ (ಸಿಸ್ಟಂ ಶುರುಮಾಡುವ ಪ್ರೋಗ್ರಾಂ) ಆದ ಗ್ರಬ್ಬನ್ನು 'ಡೆಬಿಯನ್' ಅನ್ನುವ ಬೇರೆ ಫೋಲ್ಡರ್‌ನಲ್ಲಿ ಇಟ್ಟಿತ್ತು. ವಿಂಡೋಸ್ ಆ ಡೀಫಾಲ್ಟ್ ಜಾಗದಲ್ಲೂ ತನ್ನ ಬೂಟ್‌ಲೋಡರ್‌ನ ಒಂದು ಕಾಪಿ ಇಡುತ್ತದೆ. ಹಾಗಾಗಿ ಇಷ್ಟು ವರ್ಷ ಈ ಬೋರ್ಡಿನ ಬುದ್ಧಿ ಯಾರಿಗೂ ಗೊತ್ತಾಗಿರಲಿಲ್ಲ.

ರೆಸ್ಕ್ಯೂ ಮೆನುವಿನಲ್ಲೇ ಗ್ರಬ್ಬನ್ನು ಅದೇ ಡೀಫಾಲ್ಟ್ ಜಾಗಕ್ಕೆ (ಅಲ್ಲಿ ಅದರ ಹೆಸರು 'ರಿಮೂವಬಲ್ ಮೀಡಿಯಾ') ಬಲವಂತವಾಗಿ ಹಾಕುವ ಆಯ್ಕೆ ಇದೆ. ಒತ್ತಿದೆ, ರೀಸ್ಟಾರ್ಟ್ ಮಾಡಿದೆ, ಲಾಗಿನ್ ಸ್ಕ್ರೀನ್ ಬಂತು. ಕೈಯಲ್ಲೇ ಫೈಲ್ ಕಾಪಿ ಮಾಡಿದರೂ ಆ ಹೊತ್ತಿಗೆ ನಡೆಯುತ್ತೆ. ಆದರೆ ಗ್ರಬ್ ಅಪ್‌ಡೇಟ್ ಬಂದಾಗ ಆ ಕಾಪಿ ಹಳೆಯದಾಗಿಯೇ ಉಳಿಯುತ್ತದೆ, ಯಾವತ್ತೋ ಒಂದು ದಿನ ಕೈ ಕೊಡುತ್ತೆ. ಅದಕ್ಕೆ ಗ್ರಬ್ ಪ್ಯಾಕೇಜನ್ನು ರೀಕಾನ್ಫಿಗರ್ ಮಾಡಿ, ಆ ಜಾಗಕ್ಕೂ ಹಾಕಬೇಕಾ ಅನ್ನೋ ಪ್ರಶ್ನೆಗೆ ಅಲ್ಲೂ 'ಯೆಸ್' ಇದೆಯಾ ಅಂತ ನೋಡಿಕೊಂಡೆ.

ಟಿಕೆಟ್ ಮುಚ್ಚಲು ಹೋದರೆ ಕಾರಣಗಳ ಪಟ್ಟಿಯಲ್ಲಿ ಬೂಟ್‌ಲೋಡರ್ ಅನ್ನೋದೇ ಇಲ್ಲ. 'ಬ್ಯಾಟರಿ ಬದಲಾವಣೆ' ಇತ್ತು, ಅದನ್ನೇ ಒತ್ತಿದೆ. ಅದನ್ನು ನೋಡಿ ಸ್ಟೋರ್ಸ್‌ನವರು ಉಳಿದ ಮೆಷಿನ್‌ಗಳಿಗೂ ಬ್ಯಾಟರಿ ತರಿಸಿಟ್ಟಿದ್ದಾರೆ.